ಮೂರು ಹೊತ್ತಿನ ಕಾದಂಬರಿ

ಕಳೆದ ವಾರ ಕಪಾಟಿನ ಮೇಲಿನ ಸಾಲಿನಿಂದ ಹಳೆಯ ಫ್ರೆಂಚ್ ಕಾದಂಬರಿಯೊಂದರ ಕನ್ನಡ ಅನುವಾದ ಇಳಿಸಿದಾಗ ಒಣಗಿದ ಗೋಂದಿನ ವಾಸನೆ ಬಂತು. ಜೊತೆಗೆ ಓಮದ ನೀರಿನದೂ ಇತ್ತೇನೋ... ವಾಸನೆಯ ನೆನಪನ್ನು ನಾನು ನಂಬುವುದಿಲ್ಲ. ಆದರೆ ಹಿಂದಿನ ರಟ್ಟಿನ ಒಳಗೆ ಅಂಟಿಸಿದ್ದ, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಬೆರಳಿಗೇ ತಾಗಿತು.

ಹಿಂದೆ ಔಷಧಿ ಬಾಟಲಿಗೆ ಅಂಥ ಪಟ್ಟಿ ಅಂಟಿಸುತ್ತಿದ್ದರು. ಒಂದು ಹಲ್ಲಿಗೆ ಒಂದು ಡೋಸು. ಶಹಾಪುರದ ನಮ್ಮ ಓಣಿಯ ದವಾಖಾನೆಯಲ್ಲಿ, ಡಾಕ್ಟರು ಬರೆದುಕೊಟ್ಟ ಔಷಧಿ ಅಳೆದು ಬೆರೆಸುವ ಕಂಪೌಂಡರ್ ಕಾಕಾ ಅದನ್ನು ನೋಡದೆಯೇ ಕತ್ತರಿಸುತ್ತಿದ್ದರು. ಎಂ.ಎ. ಓದುವಾಗ ರಜೆಗೆ ಬಂದಿದ್ದ ನಾನು, ಹಳ್ಳಿ ವೈದ್ಯನ ಹೆಂಡತಿಯೊಬ್ಬಳು ಬೇರೆ ಬದುಕು ಬಯಸಿ ಕೊನೆಗೆ ವಿಷ ತಿನ್ನುವ ಕಥೆಯಿದು ಎಂದದ್ದೇ ತಡ, ಕಾಕಾ ಪುಸ್ತಕ ಕಸಿದುಕೊಂಡರು.

"ಯಾವಾಗ ಕೊಡ್ತೀರಿ ಕಾಕಾ?"

"ಇದೇನು ಒಂದೇ ಸಲಕ್ಕ ಕುಡಿಯೋದಲ್ಲ ತಮ್ಮಾ. ದಿನಕ್ಕ ಮೂರು ಹೊತ್ತು, ಊಟದ ಮ್ಯಾಲ."

ಹಿಂದಿನ ರಟ್ಟಿಗೆ ಅಂಥದೇ ಪಟ್ಟಿ ಅಂಟಿಸಿಕೊಂಡರು: ಹೊತ್ತಿಗೊಂದು ಹಲ್ಲು, ಹಲ್ಲಿನ ಎದುರು ಓದಿ ಮುಗಿಸಿದ ಪುಟದ ಸಂಖ್ಯೆ. ಹಾಗೆಯೇ ಓದಿದರು.

ಹಿಂದಿರುಗಿಸುವಾಗ ಸಿಟ್ಟಾಗಿದ್ದರು. "ಅದರಾಗಿನ ಔಷಧಿ ಅಂಗಡಿಯಾಂವ ಬರೇ ಬಾಯಿಬಡಕ. ನಮ್ಮ ಕಸುಬಿನ ಇಜ್ಜತ್ ಕಳದಾನ!" ಆಮೇಲೆ ಮೆಲ್ಲಗೆ, "ಆದ್ರ ಇದನ್ನ ಬರದಾಂವ ಡಾಕ್ಟರ್ ಅಲ್ಲ ತಮ್ಮಾ, ಕಂಪೌಂಡರ್. ರೋಗ ಇಂಥಾದ್ದಂತ ಹೇಳಂಗಿಲ್ಲ. ಅಕಿನ್ನ ಬೈಯಂಗಿಲ್ಲ, ಅಕಿಗಾಗಿ ಅಳಂಗಿಲ್ಲ. ಅಳತಿ ಮಾತ್ರ ತಪ್ಪಂಗಿಲ್ಲ."

ಎರಡು ವರ್ಷದ ಮೇಲೆ, ಆ ಕಾದಂಬರಿಗೆ ಸಾಹಿತ್ಯದಲ್ಲಿ ಅಷ್ಟು ದೊಡ್ಡ ಸ್ಥಾನ ಯಾಕೆ ಎಂದು ನಾನೊಂದು ಲೇಖನ ಬರೆದೆ. 'ವಾಸ್ತವವಾದಿ ಲೇಖಕ ವೈದ್ಯನಲ್ಲ, ಕಂಪೌಂಡರ್' ಎಂಬುದೇ ಅದರ ಬೆನ್ನೆಲುಬು. ಬಲ್ಲವರು ಮೆಚ್ಚಿದರು, ಪಠ್ಯಕ್ಕೂ ಸೇರಿತು. ಮಾತು ಯಾರದೆಂದು ನಾನು ಬರೆಯಲಿಲ್ಲ.

ಯಾದಗಿರಿಯಲ್ಲಿ ಅದರ ಬಗ್ಗೆಯೇ ನನ್ನ ಉಪನ್ಯಾಸವಿತ್ತು. ಕಾಕಾ ಬಸ್ಸು ಹಿಡಿದು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. 'ನನಗೆ ಹೊಳೆದ ಹೋಲಿಕೆ' ಎಂದೆ. ಅವರನ್ನು ಕಾಣುವ ಮೊದಲು ಹಾಗೆಂದೆನೋ, ಕಂಡ ಮೇಲೋ... ಮೊದಲು ಎಂದುಕೊಳ್ಳಲು ಬಹಳ ವರ್ಷ ಹೆಣಗಿದ್ದೇನೆ. ಅವರು ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ಕೈ ಮುಗಿದು, "ಛೊಲೊ ಮಾತಾಡಿದ್ರಿ ಸರ," ಎಂದರು.

ಅಲ್ಲಿಯವರೆಗೆ ನಾನು ತಮ್ಮಾ ಆಗಿದ್ದೆ.

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಿಂಗಳುಗಳ ಮೇಲೆ. ಬರಬರುತ್ತಾ ಆ ಮಾತು ನನ್ನದೇ ಅನ್ನಿಸತೊಡಗಿತು. ಕಾಕಾ ಕಾದಂಬರಿಯ ಔಷಧಿ ಅಂಗಡಿಯವನನ್ನು ಅಣಕಿಸಿದ್ದಷ್ಟೇ ಇರಬೇಕು, ಉಳಿದದ್ದು ನಾನು ಕಟ್ಟಿದ್ದು... ಲೇಖನಕ್ಕೆ ಇಂಗ್ಲಿಷ್ ಪ್ರತಿ ಬಳಸಿದ್ದೆ. ಅವರು ಮರಳಿಸಿದ ಪುಸ್ತಕವನ್ನು ಮತ್ತೆ ತೆರೆದೇ ಇರಲಿಲ್ಲ. ಈಗ ನೋಡಿದರೆ, ಪಟ್ಟಿಯ ಕೊನೆಯ ಹಲ್ಲಿನ ಎದುರು ಅವರ ದುಂಡಕ್ಷರ: 'ಡಾಕ್ಟರ್ ಅಲ್ಲ. ಕಂಪೌಂಡರ್. ಅಳತಿ ಬರೋಬರಿ.'

ನನ್ನ ಲೇಖನಗಳ ಪುಸ್ತಕ ಮರುಮುದ್ರಣಕ್ಕೆ ಸಿದ್ಧವಾಗಿದೆ. ಕರಡು ಪ್ರತಿಗೊಂದು ಅಡಿಟಿಪ್ಪಣಿ ಸೇರಿಸಲು ಕೂತೆ. 'ಈ ಮಾತು ಶಹಾಪುರದ' ಎಂದು ಬರೆದೆ. ಮುಂದೆ ಹೋಗಲಿಲ್ಲ. ಅವರ ಹೆಸರೇ ನನಗೆ ಗೊತ್ತಿಲ್ಲ.

ನಿನ್ನೆ ಶಹಾಪುರಕ್ಕೆ ಹೋದೆ. ದವಾಖಾನೆ ಇದ್ದಲ್ಲಿ ಮೊಬೈಲ್ ಅಂಗಡಿ. ಪಕ್ಕದ ಕಿರಾಣಿ ಅಂಗಡಿಯ ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕಂಪೌಂಡರ್ ಅಂದ್ರ ಕಂಪೌಂಡರ್ ರಿ. ಹೆಸರು ಹಿಡದು ಕರೆಯೋರು ಯಾರಿದ್ರು? ಹೆಂಡತಿ ಮೊದಲೇ ಹೋಗಿದ್ಲು, ಮಕ್ಕಳಿಲ್ಲ. ಈಗ ಯಾಕ ಬೇಕ್ರಿ, ಆಧಾರ್ ಕಾರ್ಡ್ ಮಾಡಸ್ತೀರೇನು?"

ಸಂಜೆಯ ಬಸ್ಸಿಗೆ ಮರಳಿದೆ.

ಇವತ್ತು ಬೆಳಿಗ್ಗೆ ಪ್ರೆಸ್ಸಿನ ಹುಡುಗಿ ಫೋನ್ ಮಾಡಿದಳು. ಅಡಿಟಿಪ್ಪಣಿಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಅಚ್ಚು ಮಾಡಿ ಎಂದೆ.

"ಖಾಲಿ ಬಿಟ್ರ ಓದೋರು ತಪ್ಪು ಅಂತಾರಲ್ರಿ ಸರ."

"ತಪ್ಪೇ," ಎಂದೆ. "ಹಾಗೇ ಇರಲಿ."