ಅತ್ತೆ ಮನೆಯ ಷೇರುಪೇಟೆ ವಾರ್ತೆ

ಇವತ್ತು ರಾಯದುರ್ಗದ ಹೋಟೆಲೊಂದರಲ್ಲಿ ಊಟಕ್ಕೆ ಕೂತಿದ್ದೆ. ಟಿವಿಯಲ್ಲಿ ಷೇರುಪೇಟೆಯ ವಾರ್ತೆ ಬಂತು. ಸೋದರತ್ತೆಯ ಹೊಲಿಗೆ ಮಷೀನಿನ ಎಣ್ಣೆ ವಾಸನೆ ನೆನಪಾಯಿತು.

ಅತ್ತೆ ಒಬ್ಬಳೇ ಕೂತು ಜೀನ್ಸ್ ಹೊಲಿಯುತ್ತಿದ್ದಳು. ಮಧ್ಯಾಹ್ನ ಅವಳ ಮನೆಯ ಟಿವಿಯಲ್ಲಿ ಈ ವಾರ್ತೆ ಶುರುವಾದರೆ ಮಷೀನು ನಿಲ್ಲಿಸಿ, ಮೈಮೇಲಿನ ನೀಲಿ ಧೂಳು ಕೊಡವಿ, ತಲೆ ಮೇಲೆ ಸೆರಗು ಹಾಕಿಕೊಳ್ಳುತ್ತಿದ್ದಳು. ಆ ಇಂಗ್ಲಿಷು ಅವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

"ವಾರ್ತೆ ಓದೋರಿಗೆ ನೀ ಕಾಣಂಗಿಲ್ಲ, ಅತ್ತೆ," ಎಂದಿದ್ದೆ.

"ಗೊತ್ತೈತಿ. ಈ ಮನಿಗೆ ದಿನಾ ಬರೋರು ಅವರೊಬ್ಬರ. ಬಂದೋರ ಮುಂದ ಹೆಂಗರ ಕೂಡಬಾರದು."

ವಾರ್ತೆ ಓದುವವರ ತಲೆ ನರೆಯಿತು, ಅತ್ತೆಯದೂ ನರೆಯಿತು. ಒಂದು ದಿನ ಅವರ ಜಾಗದಲ್ಲಿ ಹುಡುಗಿಯೊಬ್ಬಳು ಕೂತಿದ್ದಳು. "ಅವರಿಗೇನಾತೋ, ಯಾರನ್ನ ಕೇಳಬೇಕು?" ಎಂದಳು ಅತ್ತೆ.

"ಚಾನೆಲ್ ಬದಲಿ ಮಾಡ್ಲೇನ್ರಿ?" ಹೋಟೆಲಿನವರು ಕೇಳಿದರು.

"ಇರ್ಲಿ ಬಿಡ್ರಿ," ಎಂದೆ. ನನ್ನ ಎದುರಿನ ಕುರ್ಚಿ ಖಾಲಿ ಇತ್ತು.