ಅಳಿವೆಯ ಪ್ರಬಂಧದಲ್ಲಿದ್ದ ತಪ್ಪು

ಕೋಡಿ ಊರಿನ ಮೀನುಗಾರರೊಬ್ಬರು ಮಗಳ ಪ್ರಬಂಧ ಪುಸ್ತಕ ಹಿಡಿದು ನನ್ನ ತರಗತಿಯ ಬಾಗಿಲಿಗೆ ಬಂದರು. ನದಿ ಕಡಲು ಸೇರುವ ಅಳಿವೆ, ಅಲ್ಲಿನ ಮರಳುದಿಬ್ಬದ ಬಗ್ಗೆ ಅವಳು ಬರೆದಿದ್ದಳು. ಪೀಠಿಕೆ, ವಿವರಣೆ, ಉಪಸಂಹಾರ ಅಚ್ಚುಕಟ್ಟಾಗಿದ್ದುದರಿಂದ ಹತ್ತಕ್ಕೆ ಹತ್ತು ಕೊಟ್ಟಿದ್ದೆ.

“ಟೀಚರೆ, ಹೊಯ್ಗೆದಿಬ್ಬ ಬಡಗ್ ಬದಿಗಿತ್ತ್ ಅಂದ್ ಬರ್ದಿತ್. ಈ ಮಳೆಗಾಲ ಅದ್ ತೆಂಕಿಗ್ ಸರ್ದಿತ್. ಇದನ್ನ್ ನಂಬಿ ಯಾರಾರೂ ಹೋರೆ ದೋಣಿ ಮಗುಚ್ತ್,” ಎಂದರು.

“ಇದು ಶಾಲೆಯ ಪ್ರಬಂಧ ಅಲ್ಲವೇ?” ಎಂದೆ.

“ಬರ್ದದ್ದನ್ನ್ ಯಾರಾರೂ ಓದ್ತ್ರಲ್ದಾ?”

ನನಗೆ ನಾಚಿಕೆಯಾಯಿತು. ಆ ಪುಟದಲ್ಲಿ ನಾನು ತಿದ್ದಿದ್ದು ಎರಡು ಒತ್ತಕ್ಷರ ಮಾತ್ರ. ಮಗಳನ್ನು ಕರೆದೆ. ಅಪ್ಪನನ್ನು ಕೇಳಿ ಕೇಳಿ ಅವಳು ಆ ಸಾಲನ್ನು ಹೊಸದಾಗಿ ಬರೆದಳು.

ಈಗ ಪ್ರಬಂಧ ತಿದ್ದಲು ಕೂತರೆ ಮಕ್ಕಳನ್ನು ಮೊದಲು ಕೇಳುತ್ತೇನೆ: “ಇದನ್ನು ಯಾರ ಹತ್ತಿರ ವಿಚಾರಿಸಿ ಬರೆದೆ?”