ಎದುರುಮನೆ ಅಕ್ಕನ ಹೆಬ್ಬೆರಳು

ಮೊನ್ನೆ ಕಲ್ಯಾಣದುರ್ಗದ ನಮ್ಮ ಕಚೇರಿಯ ಕೌಂಟರಿಗೆ ಒಬ್ಬ ಹೆಂಗಸು ಬಂದು ಬೆರಳಚ್ಚಿನ ಮಿಷಿನ್ನಿನ ಮೇಲೆ ಹೆಬ್ಬೆರಳಿಟ್ಟಳು. ಕೈ ತೆಗೆದ ಮೇಲೆ ಗಾಜು ಅಂಟಂಟಾಗಿತ್ತು. ಒರೆಸಲು ಬಗ್ಗಿದರೆ ಹೊಸ ಹುಣಸೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಅವಳ ಕೆಲಸ ಒಂದೇ ಸಲಕ್ಕೆ ಆಯಿತು, ಹೊರಟುಹೋದಳು. ನಾನು ಒರೆಸುವ ಬಟ್ಟೆ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ...

ಹಿಂದೂಪುರದಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತ್ತು. ವಾರ್ಡಿನ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಜನರ ಅರ್ಜಿ ಹಾಕುವುದು, ಕಾರ್ಡು ತಿದ್ದುವುದು. ಇನ್ನೂ ಪ್ರೊಬೇಷನ್ನು. ಕಚೇರಿಯಿಂದ ಎರಡು ಬೀದಿ ಆಚೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅದರ ಎದುರು ಮನೆಯಲ್ಲಿ ಇದ್ದವಳೇ ಆ ಅಕ್ಕ. ಐವತ್ತರ ಹತ್ತಿರದ ಹೆಂಗಸು, ಗಂಡ ತೀರಿಕೊಂಡಿದ್ದ. ಇಪ್ಪತ್ತು ವರ್ಷದಿಂದ ಮಂಡಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸ. ಆ ಹುಳಿಗೆ ಸವೆದು ಸವೆದು ಅವಳ ಬೆರಳ ತುದಿಗಳು ನುಣ್ಣಗಾಗಿದ್ದವು, ಕಪ್ಪಗೂ ಆಗಿದ್ದವು.

ನಾನು ಒಬ್ಬಳೇ ಇರುವುದನ್ನು ನೋಡಿ ಮೊದಲ ವಾರವೇ ಬಾಗಿಲಿಗೆ ಬಂದಿದ್ದಳು. "ಅನ್ನ ಒಂದು ಮಾಡ್ಕ ಅಮ್ಮಣ್ಣಿ. ಸಾರು ನಾನು ತತ್ತೀನಿ." ಅಂದಿನಿಂದ ದಿನಾ ಸಂಜೆ ಮುಚ್ಚಿದ ಬಟ್ಟಲು ನನ್ನ ಮನೆಗೆ ಬರುತ್ತಿತ್ತು. ನನಗೆ ಜ್ವರ ಬಂದಾಗ ಎರಡು ದಿನ ಮಂಡಿಗೆ ಹೋಗದೆ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತಿದ್ದಳು. ನಮ್ಮಮ್ಮ ಫೋನ್ ಮಾಡಿದರೆ ನನಗಿಂತ ಹೆಚ್ಚು ಹೊತ್ತು ಅವಳ ಜೊತೆಯೇ ಮಾತಾಡುತ್ತಿದ್ದರು.

ಅವಳಿಗೆ ಒಬ್ಬಳೇ ಮಗಳು, ಹದಿನೇಳು ವರ್ಷ. ಹೃದಯದ ಕವಾಟದ ತೊಂದರೆ. ಮನೆ ಮುಂದಿನ ಮೂರು ಮೆಟ್ಟಿಲು ಹತ್ತಲು ಎರಡು ಸಲ ನಿಲ್ಲುತ್ತಿದ್ದಳು. ಅನಂತಪುರದ ಆಸ್ಪತ್ರೆಯವರು ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಸೋಮವಾರ ಬೆಳಿಗ್ಗೆ ಬಂದು ಸೇರಬೇಕು, ರೇಷನ್ ಕಾರ್ಡು ಚಾಲ್ತಿಯಲ್ಲಿದ್ದರೆ ಸರ್ಕಾರದ ಲೆಕ್ಕದಲ್ಲಿ ಆಗುತ್ತದೆ, ಇಲ್ಲವಾದರೆ ಹಾಸಿಗೆ ಇನ್ನೊಬ್ಬರಿಗೆ ಹೋಗುತ್ತದೆ, ಮುಂದಿನ ಸರದಿ ಯಾವಾಗಲೋ ಗೊತ್ತಿಲ್ಲ ಅಂದಿದ್ದರು. ಗಂಡ ತೀರಿಕೊಂಡ ಮೇಲೆ ಅವಳ ಕಾರ್ಡು ನಿಂತುಹೋಗಿತ್ತು. ಮತ್ತೆ ಚಾಲೂ ಆಗಬೇಕಾದರೆ ಮನೆಯ ಯಜಮಾನಿಯಾಗಿ ಅವಳು ಬೆರಳಚ್ಚು ಕೊಡಬೇಕಿತ್ತು, ಅಷ್ಟೇ.

ಗುರುವಾರ ನನ್ನ ಕೌಂಟರಿಗೆ ಬಂದಳು. ಹೆಬ್ಬೆರಳಿಟ್ಟಳು. ಕೆಂಪು ದೀಪ. ಸೋಪು ಹಾಕಿ ಕೈ ತೊಳೆಸಿದೆ, ತಲೆಯ ಎಣ್ಣೆಗೆ ಬೆರಳು ಉಜ್ಜಿಸಿದೆ, ಹತ್ತೂ ಬೆರಳು ಇಡಿಸಿದೆ. ಹತ್ತಕ್ಕೂ ಕೆಂಪು ದೀಪ. ಕಣ್ಣು ನೋಡುವ ಮಿಷಿನ್ ರಿಪೇರಿಗೆ ಹೋಗಿ ತಿಂಗಳಾಗಿತ್ತು. ಹಿಂದೆ ನಿಂತಿದ್ದ ಸಾಲಿನಲ್ಲಿ ಗೊಣಗಾಟ ಶುರುವಾಯಿತು.

ಇನ್ನೊಂದು ದಾರಿ ಇತ್ತು. ಬೆರಳಚ್ಚು ಬೀಳದವರಿಗೆ ಕಚೇರಿಯ ನೌಕರರು 'ಇವರನ್ನು ನಾನು ಬಲ್ಲೆ' ಎಂದು ತಮ್ಮ ಬೆರಳನ್ನೇ ಒತ್ತಬಹುದಿತ್ತು. ನಾನು ಬಲ್ಲವಳೇ. ಆದರೆ ಹಿಂದಿನ ತಿಂಗಳಷ್ಟೇ ಹಾಗೆ ಬೆರಳು ಒತ್ತಿದ್ದ ನನ್ನ ಪರಿಚಯದ ಹುಡುಗಿಯೊಬ್ಬಳನ್ನು ಸಸ್ಪೆಂಡ್ ಮಾಡಿದ್ದರು. ಅವಳು ನಂಬಿ ಒತ್ತಿದ್ದು ಯಾರದೋ ಸುಳ್ಳು ಹೆಸರಿಗೆ. 'ಪೂರ್ಣ ಜವಾಬ್ದಾರಿ ಸಂಬಂಧಪಟ್ಟ ನೌಕರರದ್ದೇ' ಎಂಬ ಸುತ್ತೋಲೆ ನಮ್ಮ ಗ್ರೂಪಿಗೆ ಬಂದು ಇನ್ನೂ ಮೇಲೆಯೇ ಇತ್ತು. ಅಕ್ಕನ ಕಾಗದದಲ್ಲಿ ಒಂದು ಕಡೆ ಹೆಸರಿನಲ್ಲಿ ಅಕ್ಷರ ಬೇರೆ ಇತ್ತು, ಕನ್ನಡದಲ್ಲಿ ಒಂದು ಥರ, ತೆಲುಗಿನಲ್ಲಿ ಒಂದು ಥರ. ಅದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು.

"ಮಿಷಿನ್ನು ತಗೊಳ್ತಾ ಇಲ್ಲ ಅಕ್ಕ" ಅಂದೆ.

ಅವಳು ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಮಿಷಿನ್ನಿಗೆ ನಾನ್ಯಾರು ಅಂತ ಗೊತ್ತಿಲ್ಲ, ಸರಿ ಕಣಮ್ಮ. ನಿಂಗೂ ಗೊತ್ತಿಲ್ವ?"

"ರೂಲ್ಸು ಹಂಗಿದೆ ಅಕ್ಕ... ನಿಮ್ಮ ತವರು ಕಲ್ಯಾಣದುರ್ಗ ಅಲ್ವಾ? ಮೊದಲು ಹೆಸರು ಬರೆಸಿದ್ದು ಅಲ್ಲೇ. ನೀವೇ ಅಂತ ಅಲ್ಲಿಂದ ಒಂದು ಲೆಟರ್ ತಂದುಬಿಡಿ."

ಹೇಳುವಾಗಲೇ ಗೊತ್ತಿತ್ತು, ನಾನು ಅವಳಿಗೆ ದಾರಿ ತೋರಿಸುತ್ತಿಲ್ಲ, ನನ್ನ ಮೇಜಿನಿಂದ ಅವಳನ್ನು ಸಾಗಹಾಕುತ್ತಿದ್ದೇನೆ ಎಂದು. ಅವಳು ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಹೋದಳು. ಆ ಸಂಜೆಯೂ ಬಟ್ಟಲು ಬಂತು. ಮಗಳ ಕೈಲಿ ಕಳಿಸಿದ್ದಳು.

ಶನಿವಾರ ರಜೆ. ಉಳಿದದ್ದು ಶುಕ್ರವಾರ ಒಂದೇ. ನಾನು ರಜಾ ಹಾಕಿ ಬೆಳಿಗ್ಗೆಯೇ ಬಸ್ ಸ್ಟ್ಯಾಂಡಿಗೆ ಹೋದೆ. ಅವಳು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಳು. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಬಿಟ್ಟಳು. ರೊದ್ದಂ ದಾಟಿದರೂ ಕವರನ್ನು ಎದೆಗೆ ಒತ್ತಿಕೊಂಡು ಹೊರಗೆ ನೋಡುತ್ತಲೇ ಇದ್ದಳು.

ಕಲ್ಯಾಣದುರ್ಗದ ಕಚೇರಿಯಲ್ಲಿ ಗುಮಾಸ್ತ ಕವರ್ ಬಿಚ್ಚಿ ನೋಡುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. "ವೇಲಿಮುದ್ರ ಪಡಿತೇನೇ ಲೆಟರ್ ಅಮ್ಮಾ" ಅಂದ. ಬೆರಳಚ್ಚು ಬಿದ್ದರೇನೇ ಕಾಗದ. ಬೆರಳಚ್ಚು ಬೀಳದ್ದಕ್ಕೇ ಕಾಗದ ಕೇಳಲು ಬಂದಿದ್ದೇವೆ ಎಂದು ನಾನು ತೆಲುಗಿನಲ್ಲಿ ಎರಡು ಸಲ ಬಿಡಿಸಿ ಹೇಳಿದೆ. ಅವನು ನನ್ನ ಮುಖವನ್ನೇ ನೋಡಲಿಲ್ಲ. ನಾನೂ ಹಿಂದಿನ ದಿನ ಹೀಗೆಯೇ ಕಂಪ್ಯೂಟರ್ ನೋಡಿಕೊಂಡು ಮಾತಾಡಿದ್ದೆ. ಕಾಗದಕ್ಕೆ ಸಹಿ ಹಾಕುವ ದೊಡ್ಡ ಮೇಡಂ ಒಂದೂವರೆಗೆ ಮೀಟಿಂಗಿಗೆ ಹೊರಡುತ್ತಾರೆ, ಆಮೇಲೆ ಇವತ್ತು ಬರುವುದಿಲ್ಲ ಎಂದೂ ಹೇಳಿದ. ಆಗ ಹನ್ನೆರಡು ದಾಟಿತ್ತು.

ಅಕ್ಕ ಎದ್ದಳು. "ಇಲ್ಲೇ ಇರಿ, ಬತ್ತೀನಿ" ಅಂದವಳೇ ಹೊರಟುಹೋದಳು. ಇರು ಅನ್ನಲಿಲ್ಲ, ಇರಿ ಅಂದಳು. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ. ಗೋಡೆ ಗಡಿಯಾರ ನೋಡುತ್ತಾ ಕೂತೆ. ಹನ್ನೆರಡೂವರೆ ಆಯಿತು, ಒಂದಾಯಿತು. ಬೇಸತ್ತು ತವರುಮನೆಗೆ ಹೋಗಿ ಅಳುತ್ತಾ ಕೂತಳೋ ಏನೋ ಎಂದುಕೊಂಡೆ. ಒಂದೂ ಹತ್ತಕ್ಕೆ ಗೇಟಿನ ಹತ್ತಿರ ಗದ್ದಲ ಕೇಳಿಸಿತು. ಮುಂದೆ ಅಕ್ಕ, ಹಿಂದೆ ಹತ್ತು ಹನ್ನೊಂದು ಹೆಂಗಸರು. ಅವಳು ಹುಟ್ಟಿ ಬೆಳೆದ ಮಗ್ಗದ ಬೀದಿಯವರು. ಕೆಲವರ ತಲೆಗೂದಲಲ್ಲಿ ನೂಲಿನ ಎಳೆ ಇನ್ನೂ ಅಂಟಿಕೊಂಡಿತ್ತು, ಕೆಲಸದ ಮೇಲಿಂದಲೇ ಎದ್ದು ಬಂದಿದ್ದರು.

ಗುಮಾಸ್ತ ರೇಗಿದ. ಯಾರೂ ಜಗ್ಗಲಿಲ್ಲ. ಗಲಾಟೆಗೆ ದೊಡ್ಡ ಮೇಡಂ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಹೊರಗೆ ಬಂದರು. ಎಲ್ಲರಿಗಿಂತ ಹಿರಿಯಳಾದ ಒಬ್ಬ ಅಜ್ಜಿ ಅಕ್ಕನ ಗದ್ದ ಹಿಡಿದು ಮೇಲೆತ್ತಿ ಅದರಡಿಯ ಹಳೆಯ ಗಾಯದ ಕಲೆ ತೋರಿಸಿದಳು. "ನೋಡವ್ವ, ಎಂಟು ವರ್ಷದೋಳಿದ್ದಾಗ ನಮ್ಮ ಮಗ್ಗದ ಗುಂಡಿಗೆ ಬಿದ್ದು ಒಡ್ಕೊಂಡಿದ್ದು. ನಾನೇ ಅರಿಶಿನ ಒತ್ತಿದ್ದೆ. ಇವಳು ಇವಳಲ್ಲ ಅಂತ ಯಾರು ಹೇಳೋರು?"

ಮೇಡಂ ಅಜ್ಜಿಯನ್ನು ನೋಡಿದರು, ಗಡಿಯಾರ ನೋಡಿದರು. ಬ್ಯಾಗು ಕೆಳಗಿಟ್ಟರು. "ಪಂಚನಾಮೆ ಬರೀರಿ. ಐದು ಜನರ ಸಹಿ ತಗೊಳ್ಳಿ. ಜೊತೆಗೆ ಈಕೆಯನ್ನು ಬಲ್ಲ ಸರ್ಕಾರಿ ನೌಕರರು ಒಬ್ಬರು ಸಹಿ ಹಾಕಬೇಕು. ಯಾರಿದ್ದೀರಿ?"

ನನ್ನ ಐಡಿ ಕಾರ್ಡು ಬ್ಯಾಗಿನೊಳಗಿತ್ತು. ನೀಲಿ ದಾರ ಮಾತ್ರ ಹೊರಗೆ ಇಣುಕುತ್ತಿತ್ತು. ಗುಮಾಸ್ತ ಅದನ್ನು ನೋಡಿದ. "ಈಯಮ್ಮ ಎಂಪ್ಲಾಯಿ ಅಲ್ವಾ? ನಿಮ್ಮವರೇನಾ?" ಎಂದು ಅಕ್ಕನನ್ನು ಕೇಳಿದ.

ಅಕ್ಕ ನನ್ನ ಕಡೆ ತಿರುಗಲೇ ಇಲ್ಲ. "ಗೊತ್ತಿಲ್ಲ ಸಾ. ಬಸ್ಸಾಗೆ ಪಕ್ಕದಲ್ಲಿ ಕುಂತಿದ್ರು."

ನನಗೆ ಮೊದಲು ಬಂದದ್ದು ನೆಮ್ಮದಿ, ಅದನ್ನು ಇವತ್ತು ಮುಚ್ಚಿಡುವುದಿಲ್ಲ. ಬಚಾವಾದೆ ಅನ್ನಿಸಿತು. ನಾಚಿಕೆ ಆಮೇಲೆ ಬಂತು, ಅಷ್ಟರಲ್ಲಿ ಆ ಹೆಂಗಸರ ಗುಂಪಿನಿಂದ ಅಂಗನವಾಡಿ ಟೀಚರೊಬ್ಬಳು ಮುಂದೆ ಬಂದು, "ನಾನು ಹಾಕ್ತೀನಿ ಕೊಡಿ" ಎಂದು ಪೆನ್ನು ಕಸಿದುಕೊಂಡಿದ್ದಳು.

ಸಂಜೆ ನಾವು ಹಿಂದೂಪುರ ಮುಟ್ಟಿದಾಗ ನಮ್ಮ ಕಚೇರಿ ಬಾಗಿಲು ಹಾಕಲು ಹತ್ತು ನಿಮಿಷವಿತ್ತು. ನಮ್ಮ ಸಾರ್ ಆ ಕಾಗದವನ್ನು ಮೂರು ಸಲ ಓದಿ ಸ್ಕ್ಯಾನ್ ಮಾಡಿ ಹಾಕಿದರು. ನೆಟ್‌ವರ್ಕ್ ಸುತ್ತುತ್ತಾ ನಿಂತಿತು. ಅಕ್ಕ ಕಂಪ್ಯೂಟರಿನ ಹಿಂಭಾಗವನ್ನೇ ದಿಟ್ಟಿಸುತ್ತಿದ್ದಳು. ಕೊನೆಗೂ ಕಾರ್ಡು ಚಾಲೂ ಆಯಿತು. "ಥ್ಯಾಂಕ್ಸ್ ಸಾ" ಅಂದಳು ಸಾರ್‌ಗೆ. ನನ್ನ ಕಡೆ ತಿರುಗಿ, "ಥ್ಯಾಂಕ್ಸ್ ಮೇಡಂ" ಅಂದಳು.

ಮಗಳಿಗೆ ಆಪರೇಷನ್ ಆಯಿತು. ತಿಂಗಳೊಳಗೆ ಹುಡುಗಿ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದಳು. ಅಕ್ಕ ನನ್ನ ಮೇಲೆ ಕೋಪ ತೋರಿಸಲಿಲ್ಲ. ಎದುರಾದರೆ ನಗುತ್ತಿದ್ದಳು, "ಊಟ ಆಯ್ತಾ ಮೇಡಂ?" ಎಂದು ಕೇಳುತ್ತಿದ್ದಳು. ಸಾರಿನ ಬಟ್ಟಲು ಮತ್ತೆ ಬರಲಿಲ್ಲ. ನಾನೂ ಅವಳ ಬಾಗಿಲಿಗೆ ಹೋಗಿ ನಿಲ್ಲಲಿಲ್ಲ. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುವಷ್ಟರಲ್ಲಿ ನನಗೆ ಕಲ್ಯಾಣದುರ್ಗಕ್ಕೆ ವರ್ಗವಾಯಿತು...

ಅಕ್ಕ ಹೋದ ವರ್ಷ ತೀರಿಕೊಂಡಳಂತೆ. ಮೊನ್ನೆ ಕೌಂಟರಿನಿಂದ ಎದ್ದು ಹಳೆಯ ಮನೆಯ ಓನರಿಗೆ ಫೋನ್ ಮಾಡಿದಾಗ ಗೊತ್ತಾಯಿತು. ಭಾನುವಾರ ಹಿಂದೂಪುರಕ್ಕೆ ಹೋದೆ. ಮಗಳು ಈಗ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಕಾಫಿ ಕೊಟ್ಟು, ಅಮ್ಮನ ವಿಷಯವನ್ನೇ ಹೇಳುತ್ತಾ ಕೂತಳು. ಕಲ್ಯಾಣದುರ್ಗದ ಆ ದಿನದ ಕಥೆಯನ್ನು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳಂತೆ. ಅಜ್ಜಿ ಗದ್ದ ಎತ್ತಿದ್ದು, ಟೀಚರು ಪೆನ್ನು ಕಸಿದುಕೊಂಡಿದ್ದು, ದೊಡ್ಡ ಮೇಡಂ ಬ್ಯಾಗು ಕೆಳಗಿಟ್ಟದ್ದು, ಎಲ್ಲ ಆ ಹುಡುಗಿಗೆ ಬಾಯಿಪಾಠವಾಗಿತ್ತು.

"ಗುಮಾಸ್ತ ಕೇಳಿದಾಗ..." ಎಂದು ನಾನು ನಡುವೆ ಬಾಯಿ ಹಾಕಿದೆ.

ಅವಳು ನಿಲ್ಲಿಸಿ ನನ್ನನ್ನು ನೋಡಿದಳು. "ನೀವೂ ಹೋಗಿದ್ರಾ ಅಕ್ಕ? ಅಮ್ಮ ಹೇಳೇ ಇಲ್ವಲ್ಲ."

ನನ್ನ ಕೆಲಸ ಉಳಿಯಲಿ ಎಂದು ಅಕ್ಕ ನನ್ನನ್ನು ಆ ಕಥೆಯಿಂದ ಆಚೆ ಇಟ್ಟಳೋ, ಅಲ್ಲಿ ನಿಲ್ಲುವ ಯೋಗ್ಯತೆ ನನಗಿಲ್ಲ ಎಂದು ತೆಗೆದುಹಾಕಿದಳೋ... ಕೇಳಬೇಕಾದವಳು ಇಲ್ಲ. ಹೋಗಿದ್ದೆ ಕಣಮ್ಮ ಅಂದೆ. ಗುರುವಾರದ ಕೌಂಟರಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಅವಳು ಹೊಲಿಯುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೊನೆಯವರೆಗೂ ಕೇಳಿಸಿಕೊಂಡಳು.